ಎರಡು ಪೈಪಿನಲ್ಲಿ ಹಿಡಿಸದ ಕಾಲುವೆ ನೀರು

ಪ್ರಶ್ನೆ: ಎರಡು ಕೆರೆಗಳ ನಡುವೆ ಆಗಿರುವ ಬಡಾವಣೆಯಲ್ಲಿ, 30x40 ಅಡಿ ನಿವೇಶನದಲ್ಲಿ ನಮ್ಮ ಮನೆಯಿದೆ. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಹೋಗುತ್ತಿದ್ದ ಕಾಲುವೆಯಲ್ಲಿ ಎರಡಡಿ ವ್ಯಾಸದ ಎರಡು ಸಿಮೆಂಟ್ ಪೈಪುಗಳನ್ನು ಹೂತು, ಮೇಲೆ ರಸ್ತೆ ಮಾಡಿದ್ದಾರೆ. ಸುತ್ತಲಿನ ಸುಮಾರು 75 ಎಕರೆಯ ನೀರು ಇಲ್ಲಿಗೇ ಬರುತ್ತದೆ. ಇಳಿಜಾರು 200 ಅಡಿಗೆ ಒಂದು ಅಡಿ. ಸಾಧಾರಣ ಮಳೆಗೆ ತೊಂದರೆಯಿಲ್ಲ, ಜೋರು ಮಳೆಗೆ ನೀರು ಹೊಸ್ತಿಲು ದಾಟುತ್ತದೆ. ಮಣ್ಣು ತುಂಬಿಸಿ ನಿವೇಶನ ಎತ್ತರಿಸಬೇಕೆ, ಇಂಗುಗುಂಡಿ ತೋಡಿಸಬೇಕೆ? ಪೈಪಿನ ಫೋಟೋ ಕಳುಹಿಸಿದ್ದೇನೆ.
— ಓದುಗರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಎರಡರಿಂದಲೂ ನಿಮ್ಮ ತೊಂದರೆ ನೀಗುವುದಿಲ್ಲ; ಏಕೆಂಬುದನ್ನು ಲೆಕ್ಕದಲ್ಲೇ ನೋಡೋಣ. ಹರಿವನ್ನು ಅಂದಾಜಿಸಲು ಮೂರು ಸಂಗತಿ ತಿಳಿದಿರಬೇಕು: ಎಷ್ಟು ನೆಲದ ನೀರು, ಗಂಟೆಗೆ ಎಷ್ಟು ಮಳೆ, ಬಿದ್ದುದರಲ್ಲಿ ಇಂಗದೆ ಹರಿಯುವ ಪಾಲು ಎಷ್ಟು. ನಿಮ್ಮ 75 ಎಕರೆ ಎಂದರೆ ಸುಮಾರು 30 ಹೆಕ್ಟೇರ್. ಅದು ರಾಗಿ ಹೊಲವಾಗಿದ್ದಾಗ ಹತ್ತರಲ್ಲಿ ಮೂರು ಪಾಲು ಹರಿಯುತ್ತಿತ್ತೆಂದುಕೊಂಡರೆ, ತಾರಸಿ, ಕಾಂಕ್ರೀಟ್ ರಸ್ತೆ, ಸಿಮೆಂಟ್ ಅಂಗಳಗಳು ಬಂದ ಮೇಲೆ ಆರು ಪಾಲು ಹರಿಯುತ್ತದೆ. ಗಂಟೆಗೆ 50 ಮಿ.ಮೀ. ರಭಸದ ಮಳೆಯಾದರೆ ಹಿಂದೆ ಸೆಕೆಂಡಿಗೆ 1,250 ಲೀಟರ್ ಬರುತ್ತಿದ್ದಲ್ಲಿ ಈಗ 2,500 ಲೀಟರ್ ಬರುತ್ತದೆ. ನೀವು ಹೇಳಿರುವ ಇಳಿಜಾರಿನಲ್ಲಿ ಎರಡಡಿಯ ಪೈಪು ತುಂಬಿ ಹರಿದರೂ ಸಾಗಿಸುವುದು ಸುಮಾರು 430 ಲೀಟರ್, ಎರಡೂ ಸೇರಿ 860. ಮಿಕ್ಕ 1,640 ಲೀಟರ್ ಪ್ರತಿ ಸೆಕೆಂಡೂ ರಸ್ತೆಯ ಮೇಲೇ ದಾರಿ ಹುಡುಕಬೇಕು. ಗಂಟೆಗೆ 15 ಮಿ.ಮೀ. ಮಳೆಯಾದರೆ ಬರುವುದು 750 ಲೀಟರ್ ಮಾತ್ರ. ಸಾಧಾರಣ ಮಳೆಯಲ್ಲಿ ನಿಮಗೆ ತೊಂದರೆ ಕಾಣದಿರುವುದು ಇದರಿಂದಲೇ.

ಇದು ಪೈಪು ಶುದ್ಧವಾಗಿದ್ದಾಗಿನ ಮಾತು. ನಿಮ್ಮ ಫೋಟೋದಲ್ಲಿ ಎಡಗಡೆಯ ಪೈಪಿನ ಬಾಯಿಗೆ ಜಾಲಿಯ ಕೊಂಬೆಯೊಂದು ಅಡ್ಡ ಸಿಕ್ಕಿಕೊಂಡಿದೆ, ಅದಕ್ಕೆ ಹಳೆಯ ಡ್ರಿಪ್ ಪೈಪು ಸುತ್ತಿಕೊಂಡಿದೆ, ಅದರ ಮೇಲೆ ಟೊಮೆಟೊ ತೋಟದ ಮಲ್ಚಿಂಗ್ ಶೀಟು ಪರದೆಯಂತೆ ಇಳಿಬಿದ್ದಿದೆ. ಸಣ್ಣ ಬಾಯಿಗಳು ಹೀಗೆಯೇ ಕಟ್ಟಿಕೊಳ್ಳುತ್ತವೆ. ತಳ 2 ಮೀಟರ್, ಆಳ 1 ಮೀಟರ್ ಇದ್ದು ದಂಡೆಗಳು ಒಂದು ಮೀಟರ್ ಎತ್ತರಕ್ಕೆ ಒಂದು ಮೀಟರ್ ಹೊರಕ್ಕೆ ಓರೆಯಾಗಿರುವ ತೆರೆದ ಮಣ್ಣಿನ ಕಾಲುವೆಯಾದರೋ ಇದೇ ಇಳಿಜಾರಿನಲ್ಲಿ ಸುಮಾರು 5,000 ಲೀಟರ್ ಸಾಗಿಸುತ್ತದೆ. ಜೊಂಡು ಬೆಳೆದು ಆ ಶಕ್ತಿ ಅರ್ಧಕ್ಕಿಳಿದರೂ ನಿಮ್ಮ ಬಡಾವಣೆಯ ನೀರನ್ನು ಹೇಗೋ ದಾಟಿಸಬಲ್ಲದು.

ಮೇಲಿನ ಕೆರೆಯ ಕೋಡಿ ನೀರನ್ನು ನಾನಿನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಕೆರೆ ಖಾಲಿಯಿರುವ ವರ್ಷಗಳಲ್ಲಿ ಅದರ ಜಲಾನಯನದ ನೀರನ್ನೆಲ್ಲ ಕೆರೆಯೇ ಹಿಡಿದಿಟ್ಟುಕೊಳ್ಳುವುದರಿಂದ ಕೋಡಿಗಾಲುವೆ ಒಣಗಿರುತ್ತದೆ, ಒಣಗಿದ್ದು ಬೇಡವಾದದ್ದೆಂದು ಜನ ಭಾವಿಸುತ್ತಾರೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಷ್ಟೋ ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಹರಿದಾಗ, ಆ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

ಒಂದು ಮೀಟರ್ ವ್ಯಾಸ, ಮೂರು ಮೀಟರ್ ಆಳದ ಇಂಗುಗುಂಡಿಯಲ್ಲಿ ಹಿಡಿಸುವುದು ಸುಮಾರು 2,350 ಲೀಟರ್. ಕಾಲುವೆಯ ನೀರು ಅದನ್ನು ಒಂದು ಸೆಕೆಂಡಿನೊಳಗೆ ತುಂಬಿಸಿಬಿಡುತ್ತದೆ. ಆದರೆ ನಿಮ್ಮ ತಾರಸಿಯ ಮೇಲೆ ಬೀಳುವ 20 ಮಿ.ಮೀ. ಮಳೆಯ ನೀರೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ, ತಾರಸಿ ನೀರಿಗಾಗಿ ಅವಶ್ಯವಾಗಿ ತೋಡಿಸಿ. ಮಣ್ಣು ತುಂಬಿಸಿದರೆ ನೀರು ಪಕ್ಕದ ಮನೆಗೆ ಹೋಗುತ್ತದೆ, ಅವರೂ ತುಂಬಿಸುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು: ಗ್ರಾಮ ನಕ್ಷೆಯ ಪ್ರತಿ ಪಡೆದು ಕಾಲುವೆಯ ಗುರುತು ನೋಡಿ. ಅದು ಬಿ ಖರಾಬು (ಸಾಗುವಳಿಗೆ ಸೇರದೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಎಂದು ದಾಖಲಾಗಿದ್ದರೆ ಆ ನೆಲ ಸಾರ್ವಜನಿಕರದು. ಅಳತೆ ಮಾಡಿಸಿ, ಪೈಪು ತೆಗೆದು ಕಾಲುವೆಯನ್ನು ಬಿಡಿಸಲು ನಿವಾಸಿಗಳೆಲ್ಲ ಸೇರಿ ತಹಶೀಲ್ದಾರರಿಗೂ ಸ್ಥಳೀಯ ಸಂಸ್ಥೆಗೂ ಅರ್ಜಿ ಕೊಡಿ. ರಸ್ತೆ ದಾಟುವ ಕಡೆ ಮಾತ್ರ ಕಾಲುವೆಯಷ್ಟೇ ಅಗಲದ ಬಾಕ್ಸ್ ಮೋರಿ ಇರಲಿ. ಅಲ್ಲಿಯವರೆಗೆ ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಆ ಮಲ್ಚಿಂಗ್ ಶೀಟುಗಳನ್ನು ಎಳೆದು ಹಾಕಿಸಿ.

ಪ್ರಶ್ನೆ: ನಮ್ಮೂರ ಕೆರೆಯ ಕೋಡಿಗೆ ಒಂದಡಿ ಮರಳು ಮೂಟೆ ಜೋಡಿಸಿ ಹೆಚ್ಚು ನೀರು ನಿಲ್ಲಿಸಬಹುದೆ?
— ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಖಂಡಿತ ಬೇಡ. ಕೋಡಿಯ ಮಟ್ಟಕ್ಕೂ ಏರಿಯ ನೆತ್ತಿಗೂ ನಡುವೆ ಬಿಟ್ಟಿರುವ ಅಂತರ ಪ್ರವಾಹಕ್ಕೂ ಅಲೆಗೂ ಮೀಸಲು. ಅದರಲ್ಲಿ ಒಂದಡಿಯನ್ನು ನೀವು ಕಸಿಯುತ್ತೀರಿ. ಕಲ್ಲಿನ ಕೋಡಿಯ ಮೇಲೆ ನೀರು ಹರಿದರೆ ಚಿಂತೆಯಿಲ್ಲ, ಮಣ್ಣಿನ ಏರಿಯ ಮೇಲೆ ಹರಿದರೆ ಹಿಂಬದಿ ಕೊರೆದು ಕೆರೆಯೇ ಒಡೆಯುತ್ತದೆ. ಹೆಚ್ಚು ನೀರು ಬೇಕಿದ್ದರೆ ಒಪ್ಪಿಗೆ ಪಡೆದು ಹೂಳು ತೆಗೆಸಿ: ಒಂದು ಎಕರೆಯಲ್ಲಿ ಒಂದಡಿ ತೆಗೆದರೆ ಸುಮಾರು 12 ಲಕ್ಷ ಲೀಟರಿಗೆ ಜಾಗವಾಗುತ್ತದೆ. ಏರಿಯ ಬುಡವನ್ನು ಮಾತ್ರ ಕೆದಕಬೇಡಿ.