ಲೆಕ್ಕ ತಪ್ಪುತ್ತಿದ್ದುದು ಮಧ್ಯಾಹ್ನದ ಮೇಲೆ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

67 ವರ್ಷದ ಈ ಹಿರಿಯರು ಶಿರಸಿ ಸೀಮೆಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯ ಬಳಿಕ ಪೇಟೆಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಆಪ್ತಸಲಹೆಗೆಂದು ಅವರನ್ನು ನನ್ನ ಬಳಿ ಕರೆತಂದ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. "ಅಪ್ಪಯ್ಯನಿಗೆ ಕೆಲಸ ಬಿಡೋಕೆ ನೀವಾದ್ರೂ ಹೇಳಿ, ದುಡ್ಡಿಗೆ ನಾನಿದ್ದೇನಲ್ಲ" ಎಂಬುದು ಅವನ ಬೇಡಿಕೆಯಾಗಿತ್ತು. ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಡುಕು. ಸಾಲದ್ದಕ್ಕೆ ಚಾಲಿ ಅಡಿಕೆಯ ಧಾರಣೆಯನ್ನು ಕೆಂಪುಗೋಟು ಎಂಬ ಬೇರೆ ಬಗೆಯ ಅಡಿಕೆಯ ಸಾಲಿನಲ್ಲಿ ಬರೆದು ರೈತರೆದುರೇ ಮಾತು ಕೇಳಬೇಕಾಗಿ ಬಂದಿತ್ತು.

ವಯಸ್ಸು, ಮಧುಮೇಹ, ರಕ್ತದೊತ್ತಡ ಮೂರೂ ಸೇರಿದ್ದನ್ನು ಕಂಡು ವಿಶ್ರಾಂತಿಯೇ ಮದ್ದೆಂದು ನಾನು ಅವಸರದಲ್ಲಿ ತೀರ್ಮಾನಿಸಿ ಮಗನ ಮಾತಿಗೆ ತಲೆಯಾಡಿಸಿದೆ. ಅದು ನನ್ನ ತಪ್ಪು. ಕೆಲಸ ಬಿಟ್ಟ ಎರಡು ತಿಂಗಳಿಗೆ ಅವರು ಮರಳಿ ಬಂದಾಗ ಗಡ್ಡ ಬೆಳೆದಿತ್ತು, ತೂಕ ಇಳಿದಿತ್ತು. "ಮನೇಲಿ ಕೂತ್ರೆ ಗಡಿಯಾರ ನೋಡೋದೇ ಕೆಲಸ ಆಗ್ತದೆ" ಎಂದರು. ಹಿರಿಯರ ಖಿನ್ನತೆಯನ್ನು ಅಳೆಯುವ 15 ಪ್ರಶ್ನೆಗಳ ಮಾಪನದಲ್ಲಿ 5ಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಅವರಿಗೆ 8 ಬಂದಿತ್ತು. ಕವಳದ ಅಡಕೆ, ಎಲೆಗೂ ಮಗ ಕಳಿಸಿದ ಹಣವನ್ನೇ ಮುಟ್ಟಬೇಕಾದುದು ಅವರಿಗೆ ಎಷ್ಟು ನೋಯುತ್ತಿತ್ತೆಂಬುದು ನನಗೆ ಗೊತ್ತಾದದ್ದು ಆ ದಿನವೇ. ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅವರಿಗೆ ಬರುತ್ತಿದ್ದುದು ಅದಕ್ಕಿಂತ ಹೆಚ್ಚೇನೂ ಅಲ್ಲ.

ಹಾಗಾದರೆ ಲೆಕ್ಕ ತಪ್ಪಿದ್ದೇಕೆ? ಅವರ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿತ್ತು. ತಾನು ಮಾಡಿದ ತಪ್ಪನ್ನು ಕೆಂಪು ಶಾಯಿಯಲ್ಲಿ, ತಾರೀಖು ಮತ್ತು ಹೊತ್ತಿನ ಸಮೇತ ಬರೆದಿಡುವುದು ಅವರ ಹಳೆಯ ಅಭ್ಯಾಸ. ಹಾಳೆ ಮಗುಚುತ್ತ ಹೋದಂತೆ ಕಂಡದ್ದೇನೆಂದರೆ, ಮಧ್ಯಾಹ್ನ ಎರಡು ಗಂಟೆಗಿಂತ ಮೊದಲು ಒಂದು ತಪ್ಪೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಮಧುಮೇಹದ ಗ್ಲಿಮಿಪಿರೈಡ್ ಗುಳಿಗೆ ನುಂಗಿ, ಎರಡು ತೆಳ್ಳೇವು (ತೆಳು ದೋಸೆ) ತಿಂದು ಬಸ್ಸು ಹತ್ತುವ ಇವರು, ಅಡಿಕೆ ಖರೀದಿಯ ಟೆಂಡರ್ ಇದ್ದ ದಿನ ಊಟ ಮಾಡುತ್ತಿದ್ದುದು ಮೂರೂವರೆಗೆ. ಈ ಗುಳಿಗೆ ತೆಗೆದುಕೊಂಡವರು ಊಟ ತಡ ಮಾಡಿದರೆ ರಕ್ತದ ಸಕ್ಕರೆ ತೀರಾ ಇಳಿದು ಬೆವರು, ಕೈನಡುಕ, ಸಿಡುಕು, ಗಲಿಬಿಲಿ ಕಾಣಿಸಬಹುದು. ಅವರು ಅದನ್ನು ಮುಪ್ಪು ಎಂದುಕೊಂಡಿದ್ದರು, ಮಗ ದಣಿವು ಎಂದುಕೊಂಡಿದ್ದ. ವಖಾರಿಯ ಪಾಯಖಾನೆ ಹಿತ್ತಿಲ ಮೆಟ್ಟಿಲಿಳಿದ ಮೇಲೆ ಇದ್ದುದರಿಂದ ಹಗಲೆಲ್ಲ ನೀರು ಕುಡಿಯದೆ, ರಾತ್ರಿ ಚೊಂಬುಗಟ್ಟಲೆ ಕುಡಿದು ಮೂರು ಬಾರಿ ಏಳುತ್ತಿದ್ದರು, ನಿದ್ದೆಗೆಟ್ಟದ್ದು ಹೀಗೆ.

ಇಳಿವಯಸ್ಸಿನ ದುಡಿಮೆ ಹಿತವೋ ಅಹಿತವೋ ಎಂಬುದು ವಯಸ್ಸಿಗಿಂತ ಹೆಚ್ಚಾಗಿ ಆ ದುಡಿಮೆಯ ಹೊತ್ತು, ಭಾರ ಮತ್ತು ಅದರ ಮೇಲೆ ನಮಗಿರುವ ಹಿಡಿತವನ್ನು ಅವಲಂಬಿಸಿದೆ. ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲೇಬೇಕಾದ ಮುದುಕಿಗೆ ನಾನು ಕೆಲಸ ಮುಂದುವರಿಸಿ ಎಂಬ ಸಲಹೆ ಕೊಡಲಾರೆ.

ಇವರಿಗೆ ಹೇಳಿದ್ದು ಹೀಗೆ. ಮೊದಲು ವೈದ್ಯರ ಬಳಿ ಹೋಗಿ ಕೆಂಪು ಶಾಯಿಯ ಪುಸ್ತಕ ತೋರಿಸಬೇಕು, ಮನಸ್ಸಿನ ಕುಗ್ಗುವಿಕೆಯನ್ನೂ ಹೇಳಬೇಕು. ಗುಳಿಗೆಯ ಪ್ರಮಾಣ ಬದಲಿಸುವುದು ಅವರ ಕೆಲಸ, ನನ್ನದೂ ಅಲ್ಲ, ರೋಗಿಯದೂ ಅಲ್ಲ. ಒಂಬತ್ತರಿಂದ ಒಂದರವರೆಗೆ ಮಾತ್ರ ವಖಾರಿ, ಒಂದಕ್ಕೆ ಊಟ, ಟೆಂಡರ್ ಇದ್ದರೂ ಸರಿ. ಮೇಜಿನ ಖಾನೆಯಲ್ಲಿ ಸಕ್ಕರೆಯ ಪೊಟ್ಟಣವಿರಲಿ, ನಡುಕ ಬಂದರೆ ಮೂರು ಚಮಚ ನೀರಿಗೆ ಹಾಕಿ ಕುಡಿಯಲಿ. ಈ ಮಾತು ಪಕ್ಕದ ಹಮಾಲರಿಗೂ ತಿಳಿದಿರಲಿ. ಸಂಬಳ ಅರ್ಧವಾದರೂ ಅದು ಅವರ ಕೈಯಲ್ಲೇ ಇರಲಿ. ಮಗನಿಗೆ ಹೇಳಿದ್ದು ಒಂದೇ: ಫೋನಿನಲ್ಲಿ "ಕೆಲಸ ಬಿಟ್ಯಾ" ಎನ್ನುವ ಬದಲು "ಊಟ ಎಷ್ಟೊತ್ತಿಗಾಯ್ತು" ಎಂದು ಕೇಳು.

ವೈದ್ಯರು ಗುಳಿಗೆ ಬದಲಿಸಿದರು. ಮೂರು ತಿಂಗಳ ಬಳಿಕ ಮಾಪನದಲ್ಲಿ 3 ಅಂಕ ಬಂತು. ಪುಸ್ತಕದಲ್ಲಿ ಎರಡೇ ಕೆಂಪು ಗುರುತು. ಅಂದು ಜೊತೆಯಲ್ಲಿ ಬಂದಿದ್ದ ಅವರ ಹೆಂಡತಿ ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿದದ್ದನ್ನು ಕಂಡು ವಿಚಾರಿಸಿದೆ. 63 ವರ್ಷದ ಅವರು ಈಗಲೂ ಬೆಳಗಿನ ಜಾವ ಐದಕ್ಕೆ ಕೊಟ್ಟಿಗೆಗೆ ಹೋಗಿ ಎರಡು ಆಕಳು ಕರೆಯುತ್ತಾರೆ. ಆಯಿ ಕೆಲಸ ಬಿಡಬೇಕೆಂದು ಮಗ ಯಾರಲ್ಲಿಯೂ ಕೇಳಿಕೊಂಡಿರಲಿಲ್ಲ. ಮುಂದಿನ ಭೇಟಿಯ ಹೊತ್ತನ್ನು ಅವರ ಹೆಸರಿನಲ್ಲಿಯೇ ಬರೆದುಕೊಂಡಿದ್ದೇನೆ.