ಹಲ್ಲಿನ ಮಾತು: ನೋವಿಲ್ಲದ ಹಲ್ಲಿಗೆ ಕ್ಯಾಪ್ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ಹಲ್ಲಿನ ಮೇಲೆ ಟೊಪ್ಪಿಯ ಹಾಗೆ ಕೂರಿಸುವ ಕ್ಯಾಪ್ ಬಗ್ಗೆಯೇ. ಹಾಗಾಗಿ ಬೇರೆಯವರು ಸ್ವಲ್ಪ ಕಾಯಬೇಕು.

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಮೂರು ತಿಂಗಳ ಹಿಂದೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದೆ. ಈಗ ಒಂಚೂರೂ ನೋವಿಲ್ಲ. ಆದರೂ ಕ್ಯಾಪ್ ಹಾಕಿಸಲೇಬೇಕಂತೆ. ನಮ್ಮ ಯಜಮಾನರು ‘ಅದೆಲ್ಲ ದುಡ್ಡು ಮಾಡುವ ದಾರಿ’ ಅನ್ನುತ್ತಾರೆ. ನಿಜವಾಗಿಯೂ ಬೇಕಾ?
— ಓದುಗರೊಬ್ಬರು, ಕುಂದಾಪುರ

ಉತ್ತರ: ದವಡೆ ಹಲ್ಲಾದರೆ ಬಹುಮಟ್ಟಿಗೆ ಬೇಕೇ ಬೇಕು. ಮೂರು ತಿಂಗಳು ಈಗಾಗಲೇ ಜಾಸ್ತಿಯಾಯಿತು. ನಿಮ್ಮ ಯಜಮಾನರನ್ನು ನಾನು ಬೈಯುವುದಿಲ್ಲ. ಅದೇ ತಪ್ಪು ಮಾಡಿದವಳು ನಾನು.

ಆರು ವರ್ಷದ ಹಿಂದೆ ನನ್ನದೇ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಮಾಡಿದ್ದು ಮಂಗಳೂರಿನಲ್ಲಿರುವ ನನ್ನ ಗೆಳತಿ. ‘ಮುಂದಿನ ವಾರ ಬಾ, ಅಳತೆ ತೆಗೆಯೋಣ’ ಅಂದಿದ್ದಳು. ಉಡುಪಿಯ ನನ್ನ ಕ್ಲಿನಿಕ್‌ಗೆ ಬಾಗಿಲು ಹಾಕಿ ಬಸ್ಸು ಹತ್ತಬೇಕು. ನೋವೂ ಇಲ್ಲ, ಯಾರು ಹೋಗುತ್ತಾರೆ? ಹಾಗೇ ನಾಲ್ಕು ತಿಂಗಳು ದೂಡಿದೆ. ಅಷ್ಟಮಿ ಬಂತು. ಅತ್ತೆ ಮಾಡಿದ ಚಕ್ಕುಲಿ. ಎರಡನೆಯದನ್ನು ಕಡಿಯುವಾಗ ಬಾಯಲ್ಲಿ ಬೇರೆಯೇ ಒಂದು ಸದ್ದು. ಅದು ಚಕ್ಕುಲಿಯ ಸದ್ದಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು! ಹಲ್ಲು ಬೇರಿನವರೆಗೆ ಸೀಳಿತ್ತು. ಕೀಳಿಸಿದೆ. ಕ್ಯಾಪ್‌ಗೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಇಂಪ್ಲಾಂಟ್‌ಗೆ, ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿಗೆ, ಹೋಯಿತು.

ಯಾಕೆ ಹೀಗೆ ಸೀಳುತ್ತದೆ? ಹುಳುಕು ಮೊದಲೇ ಒಂದಷ್ಟು ತಿಂದಿರುತ್ತದೆ. ರೂಟ್ ಕೆನಾಲ್‌ನಲ್ಲಿ ಬೇರಿನ ಒಳಗೆ ಇಳಿದು ಕೆಟ್ಟ ನರ ತೆಗೆಯಲು ನಾವು ಇನ್ನಷ್ಟು ಕೊರೆಯುತ್ತೇವೆ. ಕೊನೆಗೆ ಉಳಿಯುವುದು ಸುತ್ತಲಿನ ತೆಳು ಗೋಡೆ. ಅಗಿಯುವ ಭಾರ ಆ ಗೋಡೆಗಳನ್ನು ಆಚೆ ಈಚೆ ದೂಡುತ್ತಾ ಇರುತ್ತದೆ. ನಿಮ್ಮ ಮನೆಯ ಕತ್ತಿಯ ಹಿಡಿ ನೋಡಿ. ಮರ ಸೀಳದ ಹಾಗೆ ತುದಿಗೆ ಒಂದು ಲೋಹದ ಬಳೆ ಇರುತ್ತದೆ, ಅಲ್ವಾ? ಕ್ಯಾಪ್ ಮಾಡುವುದೂ ಅದೇ ಕೆಲಸ.

ಆದರೆ ಬಳೆ ಕೂರಲು ಗಟ್ಟಿ ಮರ ಬೇಕು. ವಸಡಿನ ಮೇಲೆ ಸುತ್ತಲೂ ಒಂದೂವರೆ-ಎರಡು ಮಿಲಿಮೀಟರ್ ಆರೋಗ್ಯವಾದ ಹಲ್ಲು ಉಳಿದಿರಬೇಕು. ‘ನನ್ನ ಹಲ್ಲಿನಲ್ಲಿ ಅಷ್ಟು ಉಳಿದಿದೆಯಾ?’ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಎಕ್ಸ್-ರೇ ತೋರಿಸಿ ಹೇಳಲಿ. ಯಾವ ಕ್ಯಾಪ್, ಎಷ್ಟು ರೇಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಮಾತಿದು. ಬಹಳ ಜನ ಇದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ.

ಇನ್ನೊಂದು ಮಾತು. ಕ್ಯಾಪ್‌ಗೆ ಜಾಗ ಮಾಡಲು ಹಲ್ಲನ್ನು ಸುತ್ತಲೂ ಅರೆಯುತ್ತೇವೆ. ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಎಲ್ಲ ಹಲ್ಲಿಗೂ ಕ್ಯಾಪ್ ಅನ್ನುವವರ ಹತ್ತಿರ ಸ್ವಲ್ಪ ಜಾಗ್ರತೆ. ಬಾಯಿಯ ಮುಂಭಾಗದ ಹಲ್ಲಿಗೆ ರೂಟ್ ಕೆನಾಲ್ ಆಗಿ, ತೂತು ಸಣ್ಣದಿದ್ದರೆ, ಫಿಲ್ಲಿಂಗ್‌ನಲ್ಲೇ ಮುಗಿಯಬಹುದು.

ಪ್ರಶ್ನೆ: ಝಿರ್ಕೋನಿಯಾ ಕ್ಯಾಪ್‌ಗೆ 15 ವರ್ಷದ ವಾರಂಟಿ ಕಾರ್ಡ್ ಕೊಡುತ್ತಾರಂತೆ. ಮೆಟಲ್ ಸೆರಾಮಿಕ್ ಹಾಕಿಸಿದರೆ ಸಾಲದೇ? ನನಗೆ ಎಲೆ ಅಡಿಕೆ ಅಭ್ಯಾಸ ಉಂಟು.
— ಓದುಗರು, ಬಂಟ್ವಾಳ

ಉತ್ತರ: ಕಾರ್ಡ್ ಇರುವುದು ಕ್ಯಾಪ್‌ಗೆ, ಅದರ ಅಡಿಯ ಹಲ್ಲಿಗಲ್ಲ. ಕ್ಯಾಪ್ ಹುಳುಕಾಗುವುದಿಲ್ಲ. ಆದರೆ ಕ್ಯಾಪ್ ಮತ್ತು ಹಲ್ಲು ಸೇರುವ ಅಂಚಿನಲ್ಲಿ ಹುಳುಕು ಹತ್ತುತ್ತದೆ. ಅಲ್ಲಿ ಬ್ರಷ್ ಜೊತೆಗೆ ಫ್ಲಾಸ್ ದಾರವೂ ಆಡಬೇಕು.

ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಮೆಟಲ್ ಸೆರಾಮಿಕ್ ಕೆಟ್ಟದ್ದಲ್ಲ. ಎಷ್ಟೋ ದಶಕಗಳಿಂದ ಬಾಯಲ್ಲಿ ದುಡಿದ ವಸ್ತು. ಅದರ ಎರಡು ತೊಂದರೆ ಹೇಳುತ್ತೇನೆ: ಮೇಲಿನ ಪಿಂಗಾಣಿ ಚಕ್ಕೆ ಏಳಬಹುದು, ವಸಡು ಜಾರಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಅಡಿಕೆ ಕಡಿಯುವ ಬಾಯಿಗೆ ಪೂರ್ತಿ ಝಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್) ಅಥವಾ ಪೂರ್ತಿ ಲೋಹದ ಕ್ಯಾಪ್ ವಾಸಿ. ತೀರಾ ಹಿಂದಿನ ಹಲ್ಲಿಗೆ ಲೋಹದ್ದನ್ನೇ ನಾನು ಧೈರ್ಯವಾಗಿ ಹೇಳುತ್ತೇನೆ. ಖರ್ಚು ಕಡಿಮೆ, ಅರೆಯುವುದೂ ಕಡಿಮೆ. ನಗುವಾಗ ಅಲ್ಲಿಯವರೆಗೆ ಯಾರು ನೋಡುತ್ತಾರೆ? ಆದರೆ ರೋಲ್ಡ್‌ಗೋಲ್ಡ್ ಹಾಕಿದರೆ ಮೈ ತುರಿಸುವವರು ಮೊದಲೇ ಡಾಕ್ಟರಿಗೆ ತಿಳಿಸಿ. ಅಗ್ಗದ ಲೋಹದಲ್ಲಿ ನಿಕ್ಕಲ್ ಇರುತ್ತದೆ.

ಕೈ ಬಿಗಿ ಇದ್ದರೆ ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಡೆಂಟಲ್ ಕಾಲೇಜಿಗೆ ಹೋಗಿ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ನೋಡುತ್ತಾರೆ. ಓಡಾಟ ಮಾತ್ರ ಜಾಸ್ತಿ. ಹಾಂ, ಅಡಿಕೆಯನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಹಲ್ಲಿಗಿಂತ ದೊಡ್ಡ ರೋಗಗಳು ಬಾಯಲ್ಲಿ ಅದರಿಂದ ಬರುತ್ತವೆ.

ಪ್ರಶ್ನೆ: ದುಬೈಯಿಂದ 12 ದಿನದ ರಜೆಯಲ್ಲಿ ಊರಿಗೆ ಬರುತ್ತಿದ್ದೇನೆ. ಅಷ್ಟರಲ್ಲಿ ಕ್ಯಾಪ್ ಆಗುತ್ತದಾ?
— ಮೂಲತಃ ಕಾಪುವಿನವರು

ಉತ್ತರ: ಆಗುತ್ತದೆ, ಊರಿಗೆ ಬಂದ ಮರುದಿನವೇ ಕ್ಲಿನಿಕ್‌ಗೆ ಹೋದರೆ. ಮೊದಲ ದಿನ ಅರೆದು, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಇಡುತ್ತಾರೆ. ಲ್ಯಾಬ್‌ನಿಂದ ಬರಲು ಸಾಮಾನ್ಯವಾಗಿ ಒಂದು ವಾರ. ಅಷ್ಟು ದಿನ ಆ ಕಡೆಯಲ್ಲಿ ನೆಲಗಡಲೆ ಉಂಡೆ, ಚೂಯಿಂಗ್ ಗಮ್ ಬೇಡ. ಅಂಟಿಕೊಂಡು ಕ್ಯಾಪ್ ಎದ್ದು ಬರುತ್ತದೆ.

ವಿಮಾನದ ಹಿಂದಿನ ದಿನ ಕೂರಿಸಿಕೊಳ್ಳಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಕಚ್ಚುವಾಗ ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತದಾ ಇಲ್ಲವಾ ಅಂತ ಆಗಲೇ ಗೊತ್ತಾಗುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಆ ಒಂದು ಹಲ್ಲು ಮೊದಲು ತಾಗುತ್ತದೆ. ‘ಅಭ್ಯಾಸವಾಗುತ್ತದೆ’ ಅಂತ ಸುಮ್ನೆ ಕೂರಬಾರದು. ಬಣ್ಣದ ಕಾಗದ ಕಚ್ಚಿಸಿ, ಎತ್ತರ ಇರುವಲ್ಲಿ ಸ್ವಲ್ಪ ಉಜ್ಜಿದರೆ ಹೆಚ್ಚಾಗಿ ಐದು ನಿಮಿಷದಲ್ಲಿ ಸರಿಯಾಗುತ್ತದೆ. ಹಾಗೇ ಬಿಟ್ಟರೆ ಹಲ್ಲೂ ದವಡೆಯೂ ನೋಯುತ್ತವೆ.

ಪ್ರಶ್ನೆ: ಏಳು ವರ್ಷದ ಹಳೆಯ ಕ್ಯಾಪ್ ಮೊನ್ನೆ ಪತ್ರೊಡೆ ತಿನ್ನುವಾಗ ಕಳಚಿ ಕೈಗೆ ಬಂತು. ಮನೆಯಲ್ಲೇ ಅಂಟಿಸಬಹುದಾ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಬೇಡವೇ ಬೇಡ. ಅಂಗಡಿಯ ಅಂಟು ಬಾಯಿಗಲ್ಲ. ಪತ್ರೊಡೆಯ ತಪ್ಪೂ ಏನಿಲ್ಲ. ಅಷ್ಟು ಮೆತ್ತಗಿನ ತಿಂಡಿಗೆ ಕಳಚಿತು ಅಂದರೆ ಒಳಗಿನ ಸಿಮೆಂಟ್ ಕರಗಿರಬೇಕು, ಇಲ್ಲವೇ ಅಡಿಯಲ್ಲಿ ಹುಳುಕು ಹಿಡಿದಿರಬೇಕು. ಎರಡನೆಯದಾದರೆ ಅದೇ ಕ್ಯಾಪ್ ಮತ್ತೆ ಕೂರಲಿಕ್ಕಿಲ್ಲ. ಒಂದೆರಡು ದಿನದಲ್ಲೇ ತೋರಿಸಿ. ತಡ ಮಾಡಿದರೆ ಪಕ್ಕದ ಹಲ್ಲು ವಾಲಿ ಜಾಗ ಕಡಿಮೆಯಾಗುತ್ತದೆ. ಕ್ಯಾಪನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ತನ್ನಿ. ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟರೆ ಯಾರಾದರೂ ಗುಡಿಸಿ ಹಾಕುತ್ತಾರೆ. ವರ್ಷಕ್ಕೆ ಇಬ್ಬರಾದರೂ ಹಾಗೆ ಕಳೆದುಕೊಂಡು ನನ್ನಲ್ಲಿಗೆ ಬರುತ್ತಾರೆ.