ತೂತು ತೂತಿನ ಹರಳು ಸಿಡಿಮದ್ದನ್ನ ಪಳಗಿಸುತ್ತಾ?

ಪ್ರಶ್ನೆ: ನೊಬೆಲ್ ಬಂದಾಗ ಎಂಒಎಫ್ (ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಲೋಹ ಮತ್ತು ಸಾವಯವ ಅಣು ಸೇರಿಸಿ ಹೆಣೆದ ತೂತಿನ ಹರಳು) ಅಂದ್ರೆ ಗಾಳಿಯಿಂದ ನೀರು ಹೀರೋ ಸ್ಪಂಜ್ ಇದ್ದಂಗೆ ಅಂತ ಓದಿದ್ದೆ. ಈಗ ನನ್ನ ಮಗ ಅದರಲ್ಲಿ ಸಿಡಿಮದ್ದೂ ಮಾಡ್ತಾರೆ, ಅದು ಸೇಫಂತೆ ಅಂತಾನೆ. 2021ರ ಜನವರಿ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿ ಹತ್ರ ಲಾರೀಲಿದ್ದ ಜಿಲೆಟಿನ್ ಕಡ್ಡಿ ಸಿಡಿದಾಗ ನಮ್ಮನೆ ಕಿಟಕಿ ನಡುಗಿ ಭೂಕಂಪ ಅಂತ ಆಚೆ ಓಡಿದ್ವಿ. ಸಿಡಿಯೋ ವಸ್ತು ಸೇಫ್ ಹೇಗಾಗುತ್ತೆ?
– ಶಿವಮೊಗ್ಗದ ಓದುಗರು

ಉತ್ತರ: ಸೇಫ್ ಅಂದ್ರೆ ಸಿಡಿಯೋದೇ ಇಲ್ಲ ಅಂತಲ್ಲ ಸರ್, ಸಿಡಿ ಅಂದಾಗ ಸಿಡೀಬೇಕು, ಅಲ್ಲೀವರೆಗೂ ಬಿದ್ರೂ ಉಜ್ಜಿದ್ರೂ ತೆಪ್ಪಗಿರಬೇಕು, ಅಷ್ಟೇ. ತಮಾಷೆ ಏನಂದ್ರೆ ತೂತಿರೋ ವಸ್ತುವಿಂದ ಸಿಡಿಮದ್ದನ್ನ ಪಳಗಿಸೋ ಐಡಿಯಾ ಆ ಆಲ್ಫ್ರೆಡ್ ನೊಬೆಲ್ ಮಹಾಶಯಂದೇ. ಅವನ ಕಾಲದ ನೈಟ್ರೋಗ್ಲಿಸರಿನ್ ಅನ್ನೋ ಸಿಡಿಮದ್ದು ಎಣ್ಣೆ ಥರದ್ದು, ಕುಲುಕಿದ್ರೂ ಭಯ, 1864ರಲ್ಲಿ ಸ್ಟಾಕ್‌ಹೋಮಿನ ಶೆಡ್ಡಲ್ಲಿ ಸಿಡಿದು ಅವನ ತಮ್ಮ ಎಮಿಲ್ ಸತ್ತ. ಆಮೇಲೆ ಆಲ್ಫ್ರೆಡ್ ಆ ಎಣ್ಣೇನ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿಯ ಚಿಪ್ಪಿನ ಮಣ್ಣಿಗೆ ಹೀರಿಸಿದ, ಮೈತುಂಬ ತೂತಿರೋ ಮಣ್ಣು ಅದು, 1867ರ ಡೈನಮೈಟ್ ಅಂದ್ರೆ ಅದೇ. 2025ರಲ್ಲಿ ಅವನ ಹೆಸರಿನ ಕೆಮಿಸ್ಟ್ರಿ ಪ್ರೈಜ್ ಕಿಟಗಾವ, ರಾಬ್ಸನ್, ಯಾಗಿ ಮೂವರಿಗೂ ಬಂದಿದ್ದು ತೂತಿನ ಹರಳಿಗೇನೇ!

ಆದ್ರೆ ಒಂದು ವ್ಯತ್ಯಾಸ ಇದೆ. ಡೈನಮೈಟಲ್ಲಿ ಎಣ್ಣೆ ಸುಮ್ನೆ ತೂತಲ್ಲಿ ಕೂತಿರುತ್ತೆ, ಹಳೇದಾದ್ರೆ ಬೆವರೋ ಥರ ಹೊರಗೆ ಜಿನುಗುತ್ತೆ, ಆಗ ಮತ್ತೆ ಡೇಂಜರ್. ಸಿಡಿಯೋ ಎನರ್ಜಿ ಇರೋ ಎಂಒಎಫಲ್ಲಿ ಜಿನುಗೋಕೆ ಏನೂ ಇಲ್ಲ, ಕಟ್ಟಡದ ತೊಲೆಗಳೇ ಸಿಡಿಮದ್ದು. ಕಲ್ಲಿನ ಮಂಟಪ ನೆನಪು ಮಾಡ್ಕೊಳ್ಳಿ, ಮೂಲೆ ಮೂಲೆಗೆ ಲೋಹದ ಅಯಾನು, ಮಧ್ಯೆ ತೊಲೆಗಳಾಗಿ ನೈಟ್ರೋಜನ್ ತುಂಬಿರೋ ಅಣುಗಳು, ಎರಡೂ ತುದಿ ಬಿಗಿ. ಬರೀ ಸರಪಳಿ ಥರ ಉದ್ದುದ್ದ ಕಟ್ಟಿದ ಮೊದಮೊದಲ ಕೆಲವು ವಸ್ತುಗಳು ಮುಟ್ಟಿದ್ರೆ ಮುನಿಯೋ ಜಾತಿ ಆಗಿದ್ವು, ಮೂರೂ ದಿಕ್ಕಿಗೆ ಬಲೆ ಹೆಣೆದ ಮೇಲೆ ಪೆಟ್ಟನ್ನ ಹಂಚ್ಕೊಳ್ಳೋ ತಾಕತ್ತು ಬಂತು. ಹಾಗಂತ ಪುಕ್ಕಟೆ ಲಾಭ ಅಲ್ಲ, ತೂತು ಜಾಸ್ತಿಯಾದ್ರೆ ಸಾಂದ್ರತೆ ಕಮ್ಮಿ, ಸಾಂದ್ರತೆ ಕಮ್ಮಿಯಾದ್ರೆ ಹೊಡೆತಾನೂ ಕಮ್ಮಿ.

ನಿಮ್ಮ ಕಡೆ ಕ್ವಾರಿಗೆ ಇದು ಬರುತ್ತಾ ಅಂದ್ರೆ, ನಂಗೆ ನಂಬಿಕೆ ಇಲ್ಲ. ಬಂಡೆ ಒಡೆಯೋಕೆ ಅಮೋನಿಯಂ ನೈಟ್ರೇಟ್ ಸರಕು ಅಗ್ಗ, ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ಮಾಡೋ ಹರಳು ಅದರ ರೇಟಿಗೆ ಇಳಿಯಲ್ಲ. ಬಂದ್ರೆ ಸಿಡಿಮದ್ದಿಗೆ ಮೊದಲ ಪೆಟ್ಟು ಕೊಟ್ಟು ಸಿಡಿಸೋ ಡಿಟೋನೇಟರಿಗೆ ಬರಬಹುದು. ಆ ಪುಟ್ಟ ಕೊಳವೆ ಒಳಗೆ ಚಿಟಿಕೆಯಷ್ಟು ಲೆಡ್ ಅಜೈಡ್ ಅನ್ನೋ ಸೀಸದ ಸಿಡಿಮದ್ದು ಇರುತ್ತೆ, ಒಂದು ಕಡೆ ಸಿಕ್ಕಾಪಟ್ಟೆ ಸೂಕ್ಷ್ಮ, ಇನ್ನೊಂದು ಕಡೆ ಪ್ರತಿ ಸಲ ಸಿಡಿದಾಗ್ಲೂ ಸೀಸ ಮಣ್ಣು ಸೇರುತ್ತೆ. ಸೀಸ ಇಲ್ಲದ ಲೋಹದ ಹೆಣಿಗೆ ಹುಡುಕ್ತಿರೋದು ಅದಕ್ಕೇ. ಮತ್ತೆ, ಲಾರಿಲಿ ಕದ್ದುಮುಚ್ಚಿ ರಾಶಿ ಹಾಕ್ಕೊಂಡು ಹೋಗೋದನ್ನ ಯಾವ ಹರಳೂ ಸರಿ ಮಾಡಲ್ಲ ಬಿಡಿ.

ಪ್ರಶ್ನೆ: ಈ ಎಂಒಎಫ್ ರಾಕೆಟ್ಟಿಗಾದ್ರೂ ಉಪಯೋಗಕ್ಕೆ ಬರುತ್ತಾ?
– ಬೆಂಗಳೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ನನ್ನ ಕೇಳಿದ್ರೆ ಮಜಾ ಇರೋದೇ ಇಲ್ಲಿ. ಇಸ್ರೋದ ಪಿಎಸ್‌ಎಲ್‌ವಿ ಎರಡನೇ ಹಂತದ ವಿಕಾಸ್ ಎಂಜಿನಲ್ಲಿ ಹೈಡ್ರಜೀನ್ ಜಾತಿ ಇಂಧನ, ಅದನ್ನ ಉರಿಸೋ ನೈಟ್ರೋಜನ್ ಟೆಟ್ರಾಕ್ಸೈಡ್ ಎರಡೂ ಮುಟ್ಟಿದ ತಕ್ಷಣ ಹೊತ್ಕೊಳ್ಳುತ್ತೆ, ಕಡ್ಡಿ ಗೀರೋ ಕೆಲಸಾನೇ ಇಲ್ಲ. ಆದ್ರೆ ಎರಡೂ ಘೋರ ವಿಷ, ತುಂಬೋರು ಮೈಮುಚ್ಚೋ ಸೂಟ್ ಹಾಕ್ಕೋಬೇಕು. 2019ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯವರು ಒಂದು ಜಾತಿ ಎಂಒಎಫ್‌ನ ತೊಲೆಗೆ ಹೊತ್ಕೊಳ್ಳೋ ಚಿಕ್ಕ ಕೊಂಡಿ ಸಿಗಿಸಿದ್ರು, ಅದರ ಪುಡಿ ಮೇಲೆ ನೈಟ್ರಿಕ್ ಆಸಿಡ್ ಹನಿ ಬಿದ್ರೆ ಕೆಲವದ್ರಲ್ಲಿ ಬರೀ 2 ಮಿಲಿಸೆಕೆಂಡಲ್ಲಿ ಬೆಂಕಿ, ಹನಿ ಬೀಳದೇ ಇದ್ರೆ ತಣ್ಣಗಿರೋ ಪುಡಿ. ಹೈಡ್ರಜೀನ್ ಥರ ಆವಿಯಾಗಿ ಶ್ವಾಸಕೋಶಕ್ಕೆ ನುಗ್ಗೋ ಚಾಳಿ ಇಲ್ಲ. ನಾಳೆನೇ ವಿಕಾಸಿಗೆ ಹಾಕ್ಬಹುದಾ ಅಂತ ಕೇಳ್ಬೇಡಿ ಮತ್ತೆ, ಆ ಎಂಜಿನ್ ಪಂಪು, ಪೈಪು ಎಲ್ಲಾ ದ್ರವಕ್ಕೆ ಅಂತಾನೇ ಮಾಡಿರೋದು, ಇದು ರವೆ ಥರ ಪುಡಿ.